ಊರ ಮನೆಯ ಜೀರ್ಣೋದ್ಧಾರಕ್ಕೆ ಹೊರಟಿರುವ ಪರದೇಶವಾಸಿ ಬಂಧುಗಳಿಗೆ

ಯಲಹಂಕ, ಹೆಬ್ಬಾಳ, ಜಕ್ಕೂರು, ಬೆಟ್ಟಹಲಸೂರು, ರಾಜಾನುಕುಂಟೆ, ಚಿಕ್ಕಜಾಲ, ಬಾಗಲೂರು ಮೊದಲಾದ ಊರುಗಳಿಂದ ಹೊರಟು ಅಮೆರಿಕ, ಕೆನಡ, ಇಂಗ್ಲೆಂಡ್, ಆಸ್ಟ್ರೇಲಿಯ, ಸಿಂಗಪುರಗಳಲ್ಲಿ ನೆಲೆಸಿರುವ ಮಾನ್ಯ ಬಂಧುಗಳೇ,

ಲೋಕೋಪಯೋಗಿ ಇಲಾಖೆಯಲ್ಲಿ ಕಟ್ಟಡಗಳ ಮೇಲ್ವಿಚಾರಣೆ ಮಾಡಿಕೊಂಡಿದ್ದು, ನಿವೃತ್ತನಾದ ಮೇಲೆ ಯಲಹಂಕದ ಹಳೆಯ ಊರಿನಲ್ಲಿ ವಾಸವಾಗಿರುವ ನನ್ನನ್ನು, "ನಮ್ಮ ಹುಡುಗ ಹೊರದೇಶದಿಂದ ದುಡ್ಡು ಕಳುಹಿಸುತ್ತಾನಂತೆ, ಹಳ್ಳಿಯ ಮನೆಯನ್ನು ಒಂದಿಷ್ಟು ನೋಡಿ ಹೇಳಬೇಕು" ಎಂದು ಕರೆದೊಯ್ಯುವ ಹಿರಿಯರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಆ ಮನೆಗಳನ್ನು ನೋಡಿ ನಾನು ಹೇಳುವ ಮಾತಿನ ಬಹುಭಾಗ ಎಲ್ಲೆಡೆಯೂ ಒಂದೇ ಆಗಿರುವುದರಿಂದಲೂ, ಹೇಳಿದ ಮಾತು ಸಮುದ್ರವನ್ನು ದಾಟಿ ನಿಮ್ಮ ಕಿವಿಗೆ ತಲುಪುವ ವೇಳೆಗೆ ಕಂಟ್ರಾಕ್ಟರನ ಮಾತಾಗಿ ಮಾರ್ಪಟ್ಟಿರುವುದನ್ನು ಪದೇ ಪದೇ ಕಂಡಿರುವುದರಿಂದಲೂ, ನಿಮ್ಮೆಲ್ಲರಿಗೂ ಒಟ್ಟಾಗಿ, ಬಹಿರಂಗವಾಗಿ ಬರೆಯುವುದು ಲೇಸೆಂದು ತೋರಿತು. ಇದರಲ್ಲಿ ಉಪದೇಶದ ಧ್ವನಿ ಕೇಳಿಬಂದರೆ ವಯೋಧರ್ಮವೆಂದು ಮನ್ನಿಸಬೇಕು.

ಮೊದಲು ನಿಮ್ಮ ಅಪೇಕ್ಷೆಯ ವಿಚಾರ. ಪರದೇಶದಲ್ಲಿ ಇನ್ನೂ ಸರಿಯಾಗಿ ಬೇರೂರದಿರುವವನು ಊರ ಮನೆಯ ಜೀರ್ಣೋದ್ಧಾರದ ಮಾತನ್ನೆತ್ತಿದರೆ, ಅಲ್ಲಿಯೇ ತನಗೊಂದು ಗೂಡಿಲ್ಲ, ಇಲ್ಲಿ ಅರಮನೆಯ ಚಿಂತೆ ಎಂದು ನಗುವವರುಂಟು. ನನಗೆ ಅದು ನಗತಕ್ಕ ಸಂಗತಿಯಾಗಿ ಕಾಣುವುದಿಲ್ಲ. ಬಾಡಿಗೆಯ ಕರಾರು ವರ್ಷಕ್ಕೊಮ್ಮೆ ಮುಗಿಯುವುದು, ಇಲ್ಲಿ ಬಳ್ಳಾರಿ ರಸ್ತೆಯ ಲಾರಿಗಳ ನಡುವೆ ಗಾಡಿ ಓಡಿಸಿ ಪಳಗಿದವನೂ ಅಲ್ಲಿ ಹೊಸಬನಂತೆ ಪರೀಕ್ಷೆಗೆ ಕುಳಿತು ಲೈಸೆನ್ಸ್ ಪಡೆಯಬೇಕಾದುದು, ಕೈತುಂಬ ಸಂಬಳವಿದ್ದರೂ ಹಿಂದೆ ಸಾಲ ಮಾಡಿ ತೀರಿಸಿದ ದಾಖಲೆ ಆ ದೇಶದಲ್ಲಿಲ್ಲವೆಂಬ ಕಾರಣಕ್ಕೆ ಬ್ಯಾಂಕಿನವರು ಸಂಶಯದಿಂದ ನೋಡುವುದು, ಚಳಿಗಾಲದಲ್ಲಿ ಸೂರ್ಯನು ನೀವು ಕಚೇರಿಯೊಳಗಿರುವಾಗಲೇ ಬಂದು ಹೋಗಿಬಿಡುವುದು. ಇವೆಲ್ಲದರ ಮೇಲೆ, ಉದ್ಯೋಗದ ಆಧಾರದಿಂದ ದೊರೆಯುವ ಅಮೆರಿಕದ ಶಾಶ್ವತ ನಿವಾಸದ ಅನುಮತಿಗೆ ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ ಏಳರ ಮಿತಿಯಿರುವುದರಿಂದ ಭಾರತೀಯರ ಸರದಿ ದಶಕಗಳ ದೂರಕ್ಕೆ ಚಾಚಿಕೊಂಡಿರುವುದು. ಇಷ್ಟು ಅನಿಶ್ಚಯಗಳ ನಡುವೆ ಬಾಳುವವನ ಮನಸ್ಸು, ಯಾರ ಮುದ್ರೆಯೂ ಬೇಡದೆ ತನ್ನದಾಗಿರುವ ಒಂದು ಹೊಸ್ತಿಲನ್ನು ನೆನೆಯುವುದು ಸಹಜವೇ ಆಗಿದೆ. 1965ರ ವಲಸೆ ಶಾಸನದ ತರುವಾಯ ಅಮೆರಿಕಕ್ಕೆ ಹೋದ ವೈದ್ಯರು, ಎಂಜಿನಿಯರುಗಳ ತಲೆಮಾರಿಗೂ ಈ ನೆನಪು ಇದ್ದಿತು. ಆದರೆ ಅವರು ಹೋದಲ್ಲಿಯೇ ಮನೆ ಕೊಂಡು, ಕನ್ನಡ ಕೂಟಗಳನ್ನು ಕಟ್ಟಿ, ಮಕ್ಕಳಿಗೆ ಅಕ್ಷರ ಕಲಿಸಿ, 1998ರಲ್ಲಿ ಆ ಕೂಟಗಳ ಒಕ್ಕೂಟವಾದ 'ಅಕ್ಕ'ವನ್ನೂ ಸ್ಥಾಪಿಸಿ, ಊರನ್ನು ಕೂಟದ ಸಭಾಭವನದಲ್ಲಿಯೇ ತಕ್ಕಮಟ್ಟಿಗೆ ಕಂಡುಕೊಂಡರು. ನಿಮಗೆ ವಿಮಾನದ ಟಿಕೆಟ್ಟೂ ವಾಟ್ಸಾಪ್ ಕರೆಯೂ ಸುಲಭವಾಗಿರುವುದರಿಂದ ಊರೇ ಬೇಕೆನ್ನಿಸುತ್ತದೆ.

ಬೇಕೆನ್ನಿಸಲಿ. ಆದರೆ ಈ ಹಂಬಲವೇ ಪೆನ್ಸಿಲನ್ನು ಹಿಡಿದು ಕಟ್ಟಡದ ನಕ್ಷೆ ಬರೆಯಲು ಕುಳಿತರೆ ಕೆಲಸ ಕೆಡುತ್ತದೆ ಎಂಬುದನ್ನು ನಿಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ. ಅಲ್ಲಿ ದೊರೆಯದ ಭದ್ರತೆಯನ್ನೆಲ್ಲ ಇಲ್ಲಿಯ ಗೋಡೆಗಳಿಂದ ಪಡೆಯಬೇಕೆಂದು ಹೊರಟವನು ಗೋಡೆಗಳನ್ನು ಅಗತ್ಯಕ್ಕಿಂತ ದಪ್ಪವಾಗಿ, ಎತ್ತರವಾಗಿ, ಥಳಥಳಿಸುವಂತೆ ಕಟ್ಟಿಸುತ್ತಾನೆ. ಕಟ್ಟಿಸಿ ಬೀಗ ಹಾಕಿ ವಿಮಾನವನ್ನೇರುತ್ತಾನೆ.

ಅಂಥ ಮನೆಗಳನ್ನು ನೀವು ನೋಡಿಯೇ ಇರುತ್ತೀರಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಹೆಬ್ಬಾಳದಿಂದ ಉತ್ತರಕ್ಕೆ ಸಾಗುವ ರಸ್ತೆಯ ಇಕ್ಕೆಲಗಳಲ್ಲಿ ನೆಲದ ಬೆಲೆ ಏರಿದ ಬಗೆಯನ್ನು ವರ್ಣಿಸಿ ಫಲವಿಲ್ಲ. ರಾಗಿಯ ಹೊಲ ಲೇಔಟಾಯಿತು, ದ್ರಾಕ್ಷಿಯ ಚಪ್ಪರ ಗೋದಾಮಾಯಿತು. ನೆಲ ಬಿಟ್ಟುಕೊಟ್ಟ ಪರಿಹಾರದ ಹಣದಲ್ಲಿ ಓದಿದ ಮಕ್ಕಳು ಅದೇ ನಿಲ್ದಾಣದಿಂದ ಹೊರಟರು. (ಹಾಗೆಂದು ನೆಲದ ಮೋಹ ನಮ್ಮ ಸೀಮೆಯಲ್ಲಿ ಅಳಿಯಿತೆಂದು ತಿಳಿಯಬೇಡಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ 1777 ಎಕರೆಗಾಗಿ ವರ್ಷಗಟ್ಟಲೆ ಧರಣಿ ಕುಳಿತು, 2025ರ ಜುಲೈಯಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವಂತೆ ಮಾಡಿದುದು ನಿಮಗೂ ತಿಳಿದಿರಬೇಕು.) ಈ ಊರುಗಳಲ್ಲಿ ಈಗ ಎದ್ದುನಿಂತಿರುವ ಹೊಸ ಮನೆಗಳಲ್ಲಿ ಅನೇಕವು ಮುಖಕ್ಕೆ ಗ್ರಾನೈಟ್ ಅಂಟಿಸಿಕೊಂಡು, ಸ್ಟೀಲಿನ ಕಂಬಿಗಳನ್ನು ತೊಟ್ಟು, ಗೇಟಿಗೆ ಬೀಗ ಜಡಿದುಕೊಂಡು, ವರ್ಷದಲ್ಲಿ ಮೂರು ವಾರ ಕಣ್ಣು ತೆರೆಯುತ್ತವೆ. ಆ ಮೂರು ವಾರದ ಮೊದಲ ದಿನ ನಡೆಯುವುದೇನೆಂದರೆ, ಬಚ್ಚಲಿನ ಜಾಲರಿಯ ಕೆಳಗೆ ನಿಂತಿರಬೇಕಾದ ನೀರು ಬಳಕೆಯಿಲ್ಲದೆ ಆವಿಯಾಗಿ ಹೋಗಿ, ಚರಂಡಿಯ ವಾಸನೆಯೂ ಜಿರಲೆಗಳೂ ನಡುಮನೆಯವರೆಗೆ ಬಂದಿರುತ್ತವೆ, ಇಲಿಗಳು ವೈರು ಕಡಿದಿರುತ್ತವೆ, ಮೋಟಾರು ಹಿಡಿದುಕೊಂಡಿರುತ್ತದೆ. ಕುಟುಂಬವು ಯಲಹಂಕದ ಹೋಟೆಲೊಂದರಲ್ಲಿ ಕೋಣೆ ಹಿಡಿಯುತ್ತದೆ. ಕೋಟಿ ಸುರಿದ ಮನೆಯ ಗೃಹಸ್ಥನು ಹೋಟೆಲಿನಿಂದ ಟ್ಯಾಕ್ಸಿ ಮಾಡಿಕೊಂಡು ತನ್ನ ಮನೆಯನ್ನು ನೋಡಲು ಹೋಗುವ ದೃಶ್ಯಕ್ಕೆ ನಮ್ಮ ಸೀಮೆಯಲ್ಲಿ ಈಗ ಯಾರೂ ಬೆರಗಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಬೆಟ್ಟಹಲಸೂರಿಗೂ ಬಾಗಲೂರಿಗೂ ನಡುವಣ ಒಂದು ಹಳ್ಳಿಯಲ್ಲಿ ನಾನು ಕಳೆದ ಬೇಸಗೆಯಲ್ಲಿ ಕಂಡ ಹಳೆಯ ತೊಟ್ಟಿಯ ಮನೆಯೊಂದನ್ನು ನಿಮ್ಮ ಮುಂದಿಡಬೇಕು. ಮೊಣಕಾಲೆತ್ತರದವರೆಗೆ ಅಲ್ಲಿಯದೇ ಸೈಜುಗಲ್ಲಿನ ಕಟ್ಟು, ಅದರ ಮೇಲೆ ಮೊಳದಗಲದ ಮಣ್ಣಿನ ಗೋಡೆ. ಹಿಂಭಾಗಕ್ಕೆ ತೊಲೆ, ಜಂತೆಗಳ ಮೇಲೆ ಚೌಳುಮಣ್ಣು ಹರಡಿದ ಮಾಳಿಗೆ, ಮುಂಭಾಗಕ್ಕೆ ಮುಂದಿನ ತಲೆಮಾರಿನವರು ಹಾಕಿಸಿದ ಮಂಗಳೂರು ಹೆಂಚು. ಜಗಲಿಯ ಕಲ್ಲು ಕೂತವರ ಬಟ್ಟೆಯಿಂದಲೇ ನುಣುಪಾಗಿತ್ತು. ತೊಟ್ಟಿಯ ನಾಲ್ಕು ಕಂಬಗಳಲ್ಲಿ ಮೂರರ ಬೋದಿಗೆಗಳು ಗಟ್ಟಿಯಾಗಿದ್ದು, ನಾಲ್ಕನೆಯದಕ್ಕೆ ಗೆದ್ದಲು ಹಿಡಿದಿತ್ತು. ನಡುಮನೆಯ ನೆಲದಲ್ಲಿ ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿ ಹಾಗೆಯೇ ಇದ್ದಿತು. ಆ ಮನೆಯಲ್ಲಿ ಒಬ್ಬ ವೃದ್ಧೆ ಇದ್ದರು. ಮನೆಯ ಒಡೆಯನಿಗೆ ಚಿಕ್ಕಮ್ಮನಾಗಬೇಕು, ಒಡೆಯ ಮೆಲ್ಬರ್ನಿನಲ್ಲಿದ್ದಾನೆ. ಆಕೆ ದಿನವೂ ಗುಡಿಸುವಾಗ ಗೋಡೆಯ ಬುಡದಲ್ಲಿ ಗೆದ್ದಲಿನ ಹೊಸ ದಾರಿ ಕಂಡರೆ ಪೊರಕೆಯ ಹಿಡಿಯಿಂದ ಕೆರೆದು ಸೀಮೆಎಣ್ಣೆ ಬಿಡುತ್ತಿದ್ದರು. ಕೋತಿ ಹೆಂಚು ಸರಿಸಿದರೆ ಪಕ್ಕದ ಮನೆಯ ಹುಡುಗನನ್ನು ಕೂಗಿ ಅಂದೇ ಸರಿಮಾಡಿಸುತ್ತಿದ್ದರು. ಸೌದೆಯ ಒಲೆಯ ಹೊಗೆ ಅಟ್ಟದ ಮರಕ್ಕೆ ತಾಗಿ ಹುಳು ಬಾರದಂತೆ ಕಾಯುತ್ತಿದ್ದಿತು. ಶತಮಾನದಷ್ಟು ಹಳೆಯದಿರಬಹುದಾದ ಆ ಮನೆಯನ್ನು ನಿಲ್ಲಿಸಿದ್ದುದು ಯಾವ ಎಂಜಿನಿಯರನೂ ಅಲ್ಲ. ನೂತನ ಗೃಹದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ್ದ ಕಂಟ್ರಾಕ್ಟರನು ಮಾತ್ರ, ಹಳೆಯದನ್ನು ಪೂರ್ತಿ ಕೆಡವಿ ಸಮಮಾಡಿ ಆರ್‌ಸಿಸಿ ಕಟ್ಟಬೇಕೆಂದೂ, ಆ ಅವಧಿಯಲ್ಲಿ "ಅಜ್ಜಿಯನ್ನು ಎಲ್ಲಾದರೂ ಬಿಡಬೇಕು" ಎಂದೂ ಲೆಕ್ಕ ಹಾಕಿದ್ದನು.

ಆದುದರಿಂದ ನನ್ನ ಮುಖ್ಯ ಬಿನ್ನಹವೆಂದರೆ, ನಕ್ಷೆಗೆ ಮುನ್ನ ಮನೆಯಲ್ಲಿ ವಾಸಿಸತಕ್ಕವರು ಯಾರು ಎಂಬುದನ್ನು ನಿರ್ಣಯಿಸಿರಿ. ವಿಧವೆಯಾದ ಅತ್ತೆಯೋ, ನಿವೃತ್ತನಾದ ಚಿಕ್ಕಪ್ಪನೋ, ಮಕ್ಕಳ ಶಾಲೆಗಾಗಿ ಊರಿನಲ್ಲಿಯೇ ಇರಬೇಕಾದ ದಾಯಾದಿಯ ಮಗನೋ ಇದ್ದರೆ, ಅವರನ್ನು ಕಾವಲುಗಾರರನ್ನಾಗಿ ಕಾಣದೆ ನಿವಾಸಿಗಳೆಂದು ಒಪ್ಪಿ, ಅವರಿರುವವರೆಗೆ ಆ ಭಾಗ ಅವರದೆಂದು ಕಾಗದದ ಮೇಲೆ ಬರೆದುಕೊಡಿ. ಬಂಧುಗಳಾರೂ ಇಲ್ಲದಿದ್ದರೆ ಊರ ಶಾಲೆಯ ಉಪಾಧ್ಯಾಯರಿಗೋ ನರ್ಸಮ್ಮನಿಗೋ ಅಲ್ಪ ಬಾಡಿಗೆಗೆ ಕರಾರು ಮಾಡಿಕೊಡಿ. ನಿಮಗಾಗಿ ಒಂದು ಕೋಣೆ, ಒಂದು ಬಚ್ಚಲು ಸಾಕು. ಈ ಪ್ರಶ್ನೆಗೆ ಉತ್ತರ ದೊರೆಯದಿದ್ದಲ್ಲಿ ಚಾವಣಿಯ ಸೋರಿಕೆಯನ್ನು ಮಾತ್ರ ನಿಲ್ಲಿಸಿ, ಉಳಿದ ಹಣವನ್ನು ನಿಮ್ಮ ಹೊಸ ಬಾಳಿಗೆ ಅಲ್ಲಿಯೇ ಇಟ್ಟುಕೊಳ್ಳಿ. ಪರದೇಶದ ಮೊದಲ ವರ್ಷಗಳಲ್ಲಿ ಕೆಲಸ ಹೋದರೆ ವೀಸಾದ ಗಡುವು ವಾರಗಳ ಲೆಕ್ಕಕ್ಕೆ ಇಳಿಯುವುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ಅಂಥ ಹೊತ್ತಿನಲ್ಲಿ ಹಳ್ಳಿಯ ಗ್ರಾನೈಟು ನೆರವಿಗೆ ಬರುವುದಿಲ್ಲ.

ಎರಡನೆಯದು ಹಕ್ಕಿನ ಮಾತು. ಮನೆಯನ್ನು "ನಮ್ಮದು" ಎನ್ನುವಾಗ ಆ ಶಬ್ದದೊಳಗೆ ಎಷ್ಟು ಜನ ಇದ್ದಾರೆಂಬುದನ್ನು ಎಣಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗವನ್ನು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಸ್ಥಿರಪಡಿಸಿದೆ; ಅದಕ್ಕೂ ಮೊದಲೇ, 1994ರಲ್ಲಿ, ಕರ್ನಾಟಕವು ತನ್ನದೇ ತಿದ್ದುಪಡಿಯ ಮೂಲಕ ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಬಾಗಿಲನ್ನು ತೆರೆದಿತ್ತು; ತಂದೆ 2005ರ ಆ ದಿನ ಜೀವಿಸಿರಬೇಕೆಂಬ ಆಕ್ಷೇಪವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದರೂ ಅಣ್ಣತಮ್ಮಂದಿರು ಹಣ ಹಾಕಿ ಕೆಲಸ ಮುಗಿಸಿದ ಮೇಲೆ ಅಕ್ಕತಂಗಿಯರ ಸಹಿ ಕೇಳಲು ಹೋಗುವ ಪದ್ಧತಿ ನಿಂತಿಲ್ಲ. ಗೃಹಪ್ರವೇಶದ ಅರಿಶಿನ ಕುಂಕುಮದ ಜೊತೆಗೆ ಹಕ್ಕು ಬಿಡುಗಡೆಯ ಪತ್ರವನ್ನು ಮುಂದಿಡುವುದು ಅಸಭ್ಯವೆಂದು ನನ್ನ ಸ್ಪಷ್ಟವಾದ ಅಭಿಪ್ರಾಯ. ಗ್ರಾಮಠಾಣದೊಳಗಿನ ಮನೆಯಾದರೆ ಪಂಚಾಯಿತಿಯ ನಮೂನೆ 9, ನಮೂನೆ 11 ಯಾರ ಹೆಸರಿನಲ್ಲಿವೆಯೆಂದು ನೋಡಿರಿ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿಹೋದ ಹಳ್ಳಿಯಾದರೆ ಖಾತೆಯ ದಾರಿ ಬೇರೆ. ಹಿತ್ತಿಲು ಎಂದು ನೀವು ಬಾಲ್ಯದಿಂದ ಕರೆದುದು ದಾಖಲೆಯಲ್ಲಿ ಸರ್ವೆ ನಂಬರಿನ ಜಮೀನಾಗಿರುವುದುಂಟು. ಅನಿವಾಸಿಗಳು ಕೃಷಿ ಜಮೀನನ್ನಾಗಲಿ ತೋಟದ ಮನೆಯನ್ನಾಗಲಿ ಕ್ರಯಕ್ಕೆ ಕೊಳ್ಳುವುದನ್ನು ವಿದೇಶೀ ವಿನಿಮಯದ ನಿಯಮಗಳು ಸಾಮಾನ್ಯವಾಗಿ ಬಿಡವು, ಆನುವಂಶಿಕವಾಗಿ ಬಂದುದಕ್ಕೆ ಅಡ್ಡಿಯಿಲ್ಲ. ಅಲ್ಲಿಂದ ಅಧಿಕಾರ ಪತ್ರ ಕಳುಹಿಸುವವರು ಅದನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಣ ಮಾಡಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ದುರಸ್ತಿ ಮಾಡಿಸುವ ಅಧಿಕಾರಕ್ಕೆ ಮಾರುವ ಅಧಿಕಾರವನ್ನು ಜೋಡಿಸಬಾರದು. ಈ ಕಡೆಯ ವಾಕ್ಯವನ್ನು ಎರಡು ಬಾರಿ ಓದಿಕೊಳ್ಳಿ.

ಇನ್ನು ಕೆಲಸದ ವಿಚಾರ. ಇದು ನನ್ನ ಕಸುಬಾದುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಹಳೆಯ ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಹೊರಗಾಳಿಗೆ ಬಿಟ್ಟುಕೊಡುತ್ತಾ ನೂರು ಮಳೆಗಾಲಗಳನ್ನು ಕಳೆದಿದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವಕ್ಕೆ ಹೊರದಾರಿ ತಪ್ಪುತ್ತದೆ. ಈ ವಿಷಯವನ್ನು ಬೆಟ್ಟಹಲಸೂರು ಕಡೆಯ ಹಳೆಯ ಗಾರೆ ಮೇಸ್ತ್ರಿಯೊಬ್ಬರು ನನಗಿಂತ ಚೆನ್ನಾಗಿ ಹೇಳಿದರು: "ಸಿಮೆಂಟ್ ಬಳುದ್ರೆ ಗೋಡೆ ಒಳ್ಗೊಳ್ಗೇ ಬೆವರ್ತದೆ ಸಾಮಿ. ಮೇಲೆ ಚೆಂದ ಕಾಣ್ತದೆ, ಎರಡು ಮಳೆಗಾಲ ಆಯ್ತಾ, ಸಿಮೆಂಟೂ ಬರ್ತದೆ, ಅದರ ಜೊತೆಗೆ ಮಣ್ಣೂ ಬರ್ತದೆ." ಆದುದರಿಂದ ಬಿರುಕಿಗೆ ಮಣ್ಣಿನದೇ ಮೆತ್ತನೆ, ಮೇಲಕ್ಕೆ ಸುಣ್ಣದ ಗಾರೆ. ಸುಣ್ಣವನ್ನು ನೀರಿನಲ್ಲಿ ಕೆಲವು ವಾರ ಕೊಳೆಹಾಕಿ, ಮರಳಿನೊಡನೆ ಚೆನ್ನಾಗಿ ಅರೆದು, ಅಳಲೆಕಾಯಿ ನೆನೆಸಿದ ನೀರನ್ನೂ ಬೆಲ್ಲವನ್ನೂ ಸೇರಿಸುವ ಕ್ರಮವನ್ನು ಬಲ್ಲ ಕೈಗಳು ಈಗ ವಿರಳವಾದರೂ ಪೂರ್ತಿ ಅಳಿದಿಲ್ಲ. ಹುಡುಕಿದರೆ ಸಿಗುತ್ತಾರೆ, ಕೂಲಿ ಹೆಚ್ಚು ಕೇಳುತ್ತಾರೆ, ಕೊಡಬೇಕು.

ಕೆಲಸದ ಕ್ರಮದಲ್ಲಿ ಚಾವಣಿ ಮೊದಲು, ಗೋಡೆ ಆಮೇಲೆ, ನೆಲ ಕಡೆಗೆ. ನೀವು ವಾಟ್ಸಾಪಿನಲ್ಲಿ ಕಳುಹಿಸುವ ಚಿತ್ರಗಳಲ್ಲಿ ಯಾವಾಗಲೂ ನೆಲದ ಟೈಲ್ಸೇ ಮೊದಲು ಬರುವುದನ್ನು ಕಂಡಿದ್ದೇನೆ. ಹೆಂಚಿನ ಚಾವಣಿಯಲ್ಲಿ ಬಹುಪಾಲು ಕೆಟ್ಟಿರುವುದು ಹೆಂಚಲ್ಲ, ಅದನ್ನು ಹೊತ್ತ ರೀಪರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಆ ಹೆಂಚು, ಇಳಿಸಿ, ಪಾಚಿ ಉಜ್ಜಿ, ಒಡೆದವನ್ನು ಬೇರ್ಪಡಿಸಿ ಹೊಸ ರೀಪರಿನ ಮೇಲೆ ಮತ್ತೆ ಹೊದಿಸಿದರೆ ಇನ್ನೊಂದು ತಲೆಮಾರಿಗೆ ನಿಲ್ಲುತ್ತದೆ. ಗೆದ್ದಲು ಹಿಡಿದ ಕಂಬವನ್ನು ಮಾತ್ರ ಬದಲಿಸಿ, ನಾಲ್ಕನ್ನೂ ಅಲ್ಲ; ಬದಲಿಸಿದ ಕಂಬವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿ, ನೆಲದೊಳಕ್ಕೆ ಹೂಳಬೇಡಿ. ಹೊಸ ಬಚ್ಚಲನ್ನು ಮಣ್ಣಿನ ಗೋಡೆಗಳ ನಡುವೆ ತುರುಕದೆ ಹಿತ್ತಿಲ ಕಡೆಗೆ ಪ್ರತ್ಯೇಕವಾಗಿ ಕಟ್ಟಿ, ಒಂದು ಮುಚ್ಚಿದ ನಡೆಯಿಂದ ಜೋಡಿಸಿ. ಅದಕ್ಕೆ ಬೇಕಾದ ಗೋಡೆಗೂ ಸುಟ್ಟ ಇಟ್ಟಿಗೆಯೇ ಆಗಬೇಕೆಂದಿಲ್ಲ. ಯಶವಂತಪುರದ ಮಗ್ಗುಲಲ್ಲಿಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಪ್ರೇರಣೆಯಿಂದ 1974ರಲ್ಲಿ ಮೊದಲಾದ 'ಅಸ್ತ್ರ' ಕೇಂದ್ರದವರು, ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಸೇರಿಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ರೂಢಿಗೆ ತಂದರು. ಅಸ್ತ್ರ ಒಲೆಯ ಹೆಸರನ್ನು ನಿಮ್ಮ ತಾಯಂದಿರು ಕೇಳಿರುತ್ತಾರೆ, ಈ ಇಟ್ಟಿಗೆಯೂ ಅದೇ ಮನೆಯದು. ಇಂಥ ವಿದ್ಯೆ ಕೂಗಳತೆಯಲ್ಲಿ ಹುಟ್ಟಿ ಅರ್ಧ ಶತಮಾನವಾದರೂ ನಮ್ಮ ಹಳ್ಳಿಗಳ ಕಂಟ್ರಾಕ್ಟರುಗಳು ಅದನ್ನು ಬಡವರ ಇಟ್ಟಿಗೆ ಎನ್ನುತ್ತಾರೆ. ನಿಮಗೋ, ಬಂದಿಳಿಯುವ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲಿನ ಚಾವಣಿಯಲ್ಲಿ ಬಿದಿರನ್ನು ಕಂಡು ಮೆಚ್ಚುಗೆಯಾಗುತ್ತದೆ. ಮನೆಗೆ ಬಂದು ಜಂತೆಗಳನ್ನು ಮರೆಮಾಡಲು ಜಿಪ್ಸಮ್ಮಿನ ಹಲಗೆ ಹಾಕಿಸುತ್ತೀರಿ!

ಕೆಡಹುವ ಭಾಗದಲ್ಲಿ ಬರುವ ಕಲ್ಲುಗಳನ್ನು ತಿರುವಿ ನೋಡದೆ ಟ್ರ್ಯಾಕ್ಟರಿಗೆ ತುಂಬಿಸಬೇಡಿ. ಗಂಗರ ಶ್ರೀಪುರುಷನ ಕಾಲದ, ಎಂಟನೆಯ ಶತಮಾನದ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ಬೆಳಕಿಗೆ ಬರುವವರೆಗೆ ಜನವಸತಿಯ ನಡುವೆಯೇ ಅಲಕ್ಷ್ಯವಾಗಿ ಬಿದ್ದಿತ್ತು. ನಿಮ್ಮ ಚಪ್ಪಡಿಯಲ್ಲಿ ಶಾಸನವಿರುವುದು ಅಪರೂಪವೇ; ಆದರೆ ಬೀಸುವ ಕಲ್ಲು, ಒರಳು, ಬಾಣಂತಿಯ ಬಚ್ಚಲ ಕಲ್ಲುಗಳನ್ನು ಕೊಳ್ಳಲು ಹಳೆಯ ಸಾಮಾನಿನ ವ್ಯಾಪಾರಿಗಳು ಮನೆ ಕೆಡಹುವ ಸುದ್ದಿ ತಿಳಿದೊಡನೆ ಬರುತ್ತಾರೆ, ಮತ್ತು ನೀವು ಮುಂದೊಂದು ದಿನ ಅವನ್ನೇ ಅಲಂಕಾರಕ್ಕೆಂದು ಹತ್ತರಷ್ಟು ಬೆಲೆ ಕೊಟ್ಟು ತರುತ್ತೀರಿ.

ನೀರಿನ ಮಾತನ್ನೂ ಆಡಿಬಿಡಬೇಕು. ಈ ಸೀಮೆಯ ಬೋರುವೆಲ್ಲುಗಳು ಸಾವಿರ ಅಡಿ ದಾಟಿಯೂ ಬರಿದಾಗುತ್ತಿವೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ದಿನಕ್ಕೆ 210 ದಶಲಕ್ಷ ಲೀಟರಿನಂತೆ ಉತ್ತರದ ಕೆರೆಗಳಿಗೆ ಹರಿಸುವ ಯೋಜನೆಯಿದ್ದರೂ ಅದು ಕುಡಿಯುವ ನೀರಲ್ಲ. ನಿಮ್ಮ ಮನೆಯ ತೊಟ್ಟಿಯಾದರೋ ಮೊದಲಿಂದಲೂ ಮಳೆಯನ್ನು ಒಂದೆಡೆಗೆ ತರುವ ಏರ್ಪಾಡೇ. ನೂರು ಚದರ ಮೀಟರಿನ ಚಾವಣಿಗೆ ಒಂದು ಮಿಲಿಮೀಟರು ಮಳೆ ಬಿದ್ದರೆ 100 ಲೀಟರು. ಬೆಂಗಳೂರಿನ ವರ್ಷದ ಮಳೆಯನ್ನು 900 ಮಿಲಿಮೀಟರೆಂದು ಹಿಡಿದು, ನಷ್ಟವನ್ನು ಧಾರಾಳವಾಗಿ ಕಳೆದರೂ 70,000 ಲೀಟರು ದಕ್ಕುತ್ತದೆ. ತೊಟ್ಟಿಯನ್ನು ಗಾಜಿನಿಂದ ಮುಚ್ಚಿ 'ಹಾಲ್' ಮಾಡಿಕೊಳ್ಳುವ ಹೊಸ ಚಾಳಿಯನ್ನು ಬಿಟ್ಟು, ಆ ನೀರು ಒಂದು ನೆಲತೊಟ್ಟಿಗೆ ಇಳಿಯುವಂತೆ ಮಾಡಿದರೆ ಟ್ಯಾಂಕರಿನವನ ದಾಕ್ಷಿಣ್ಯ ಬಹುಮಟ್ಟಿಗೆ ತಪ್ಪುತ್ತದೆ.

ನಮ್ಮ ಉತ್ತರದ ದಿಕ್ಕಿನಲ್ಲಿಯೇ, ನಂದಿಯ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಹುಟ್ಟೂರ ಮನೆ ಇಂದಿಗೂ ಇದೆ. 1898ರಲ್ಲಿಯೇ ಜಪಾನಿಗೆ ಹೋಗಿ ಬಂದು, ಅನೇಕ ದೇಶಗಳನ್ನು ಸುತ್ತಿ, ಅಣೆಕಟ್ಟುಗಳನ್ನು ಕಟ್ಟಿಸಿದ ಆ ಮಹನೀಯರ ಊರ ಮನೆ ದೊಡ್ಡದಲ್ಲ. ನಿಮ್ಮ ಮಕ್ಕಳನ್ನು ನಂದಿಬೆಟ್ಟಕ್ಕೆ ಕರೆದೊಯ್ಯುವ ದಿನ ಒಂದು ಗಂಟೆ ಅಲ್ಲಿ ನಿಲ್ಲಿ. ಕೋಣೆಗಳ ಅಳತೆಯನ್ನು ಮಾತ್ರ ಗಮನಿಸಿ.

ಕಡೆಯದಾಗಿ ಒಂದು ಕೋರಿಕೆ. ಬರುವ ಡಿಸೆಂಬರಿನ ರಜೆಗೆ ನೀವು ಬಂದಾಗ ಕಂಟ್ರಾಕ್ಟರನಿಗೆ ಫೋನು ಮಾಡುವುದಕ್ಕೆ ಮುನ್ನ ಅಕ್ಕತಂಗಿಯರನ್ನೂ ಅಣ್ಣತಮ್ಮಂದಿರನ್ನೂ, ಆ ಮನೆಯಲ್ಲಿ ಈಗಲೂ ದೀಪ ಹಚ್ಚುತ್ತಿರುವವರನ್ನೂ ಅದೇ ಜಗಲಿಯ ಮೇಲೆ ಕೂಡಿಸಿ, ಮುಂದೆ ಇಲ್ಲಿ ಇರುವವರು ಯಾರು, ಊರಮ್ಮನ ಜಾತ್ರೆಗೆ ಈ ಮನೆಯಿಂದ ತಂಬಿಟ್ಟಿನ ಆರತಿ ಹೊರಡಿಸುವವರು ಯಾರು ಎಂಬುದನ್ನು ತೀರ್ಮಾನಿಸಿ ಬರೆದಿಡಿ. ಆ ಮೇಲೆ ಮೇಸ್ತ್ರಿಯನ್ನು ಕರೆಸಿ. ಸುಣ್ಣವನ್ನು ಸಂಕ್ರಾಂತಿಗೆ ಕೊಳೆಹಾಕಿಸಿ, ಶಿವರಾತ್ರಿ ಕಳೆದೊಡನೆ ಹೆಂಚು ಇಳಿಸಲು ಆರಂಭಿಸಿದರೆ ಭರಣಿ ಮಳೆ ಬೀಳುವ ಮುನ್ನ ಚಾವಣಿಯನ್ನು ಹೊದಿಸಿ ಮುಗಿಸಬಹುದು; ಗೋಡೆಯ ಕೆಲಸಕ್ಕೆ ದೀಪಾವಳಿಯ ತನಕ ಕಾಯಬೇಕಾಗುತ್ತದೆ, ಕಾಯಿರಿ.

ಇತಿ,
ನಿಮ್ಮ ಹಿತಚಿಂತಕ,
ಯಲಹಂಕದ ಹಳೆಯ ಊರಿನ ನಿವೃತ್ತ ಎಂಜಿನಿಯರ್